ಅವರ ಮಾತು ಎಲ್ಲಿಗೆ ಮುಗಿಯಿತು? ಸೈಟೇಶನ್ ಕಲಿಕೆ ಇಲ್ಲಿವರೆಗೆ

ಪ್ರಬಂಧದ ಎರಡನೇ ಕರಡು ಕೈಯಲ್ಲಿದೆ. ಈ ಸುತ್ತಿನಲ್ಲಿ ಹೊಸದಾಗಿ ಏನೂ ಬರೆಯುವುದು ಬೇಡ, ಬರೀ ಸೈಟೇಶನ್, ಅಂದರೆ ಯಾವ ಮಾತು ಯಾರಿಂದ ಬಂತು ಅಂತ ತೋರಿಸುವ ಉಲ್ಲೇಖಗಳನ್ನು, ಸರಿಪಡಿಸೋಣ ಅಂತ ಕೂತಿದ್ದೇನೆ. ಕೆಲಸ ಎಲ್ಲಿಗೆ ಬಂತು ಅಂತ ಬರೆದಿಡುತ್ತೇನೆ.

ಶೈಲಿ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಶನ್‌ನ ಉಲ್ಲೇಖ ಪದ್ಧತಿ), 7ನೇ ಆವೃತ್ತಿ. ನನ್ನ ವಿಷಯದಲ್ಲಿ ಒಂದು ಅಧ್ಯಯನ ಯಾವ ವರ್ಷದ್ದು ಎಂಬುದು ಮುಖ್ಯ. ಎಪಿಎಯಲ್ಲಿ ಲೇಖಕರ ಹೆಸರಿನ ಪಕ್ಕದಲ್ಲೇ ವರ್ಷ ಕಾಣುತ್ತದೆ. ಎಂಎಲ್‌ಎ ಎಂಬ ಇನ್ನೊಂದು ಶೈಲಿಯಲ್ಲಿ ಆ ಜಾಗದಲ್ಲಿ ಪುಟಸಂಖ್ಯೆ ಬರುತ್ತದೆ. ಮೂಲದ ಸಾಲನ್ನೇ ತೆಗೆದು ನೋಡುವ ಸಾಹಿತ್ಯದವರಿಗೆ ಅದೇ ಸರಿ. ಎಂಜಿನಿಯರಿಂಗ್‌ನವರ ಐಇಇಇ ಶೈಲಿಯಲ್ಲಿ ಚೌಕ ಆವರಣದೊಳಗೆ ಒಂದು ಸಂಖ್ಯೆ, ಅಷ್ಟೇ. ಯಾರ ಮಾತು ಅಂತ ತಿಳಿಯಲು ಪ್ರತಿ ಸಲ ಕೊನೆಯ ಪುಟಕ್ಕೆ ಓಡಬೇಕು. ನನಗೆ ಅದು ಹಿಡಿಸಲಿಲ್ಲ. ಅಂದ ಹಾಗೆ, ಹೆಸರು-ವರ್ಷದ ಪದ್ಧತಿ ಸಾಕಷ್ಟು ಹಳೆಯದು. ಹಾರ್ವರ್ಡ್‌ನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ 1881ರ ಲೇಖನವೊಂದರಲ್ಲಿ ಬಳಸಿದ್ದೇ ಇದರ ಮೊದಲ ಉದಾಹರಣೆ ಎನ್ನುತ್ತಾರೆ.

2019ರಲ್ಲಿ ಬಂದ 7ನೇ ಆವೃತ್ತಿ ಕೆಲಸ ಹಗುರ ಮಾಡಿದೆ. ಮೂವರು ಅಥವಾ ಹೆಚ್ಚು ಲೇಖಕರಿದ್ದರೆ ಮೊದಲ ಸಲವೇ ‘ಮತ್ತಿತರರು’ ಎಂದು ಬರೆದರೆ ಸಾಕು. ಪ್ರಕಾಶಕರ ಊರು ಬೇಕಾಗಿಲ್ಲ. ಎಲ್ಲಾದರೂ ಸಿಕ್ಕ ಮಾದರಿಯಲ್ಲಿ ಪ್ರಕಾಶಕರ ಹೆಸರಿಗೆ ಮುಂಚೆ ಊರಿನ ಹೆಸರು ಇದ್ದರೆ ಅದು ಹಳೆಯ ಆವೃತ್ತಿಯದ್ದು ಅಂತ ಪಕ್ಕಕ್ಕಿಡುತ್ತೇನೆ.

ಪ್ರಬಂಧದ ಕೊನೆಯ ಆಕರಗಳ ಪಟ್ಟಿಯನ್ನು ಜೊಟೆರೊ ಎಂಬ ತಂತ್ರಾಂಶ ನೋಡಿಕೊಳ್ಳುತ್ತಿದೆ. ಡಿಒಐ (ಪ್ರತಿ ಲೇಖನಕ್ಕೂ ಇರುವ ಅದರದೇ ಗುರುತು ಸಂಖ್ಯೆ) ಅಂಟಿಸಿದರೆ ಲೇಖನದ ವಿವರ ತಾನೇ ಬಂದು ಕೂರುತ್ತದೆ. ಆದರೆ ಬಂದದ್ದನ್ನೆಲ್ಲ ನಂಬುವಂತಿಲ್ಲ. ಕೆಲವು ಶೀರ್ಷಿಕೆಗಳು ಪೂರ್ತಿ ದೊಡ್ಡಕ್ಷರದಲ್ಲಿ ಬರುತ್ತವೆ. ಲೇಖಕರ ಜಾಗದಲ್ಲಿ ಸಂಸ್ಥೆ ಇದ್ದರೆ ಒಮ್ಮೊಮ್ಮೆ ಅದರ ಹೆಸರನ್ನೂ ಮನುಷ್ಯರ ಹೆಸರಿನಂತೆ ಎರಡು ತುಂಡು ಮಾಡಿ ಹಿಂದುಮುಂದಾಗಿಸುತ್ತದೆ. ಅದಕ್ಕೇ ಪ್ರತಿ ನಮೂದನ್ನೂ ಒಳಗೆ ಹಾಕಿದ ಕೂಡಲೇ ನೋಡಿಬಿಡುತ್ತೇನೆ.

ಇದೆಲ್ಲ ಯಂತ್ರದ ಕೆಲಸ. ನಿಜವಾದ ತಲೆನೋವು ಬೇರೆ ಇದೆ.

ಒಂದು ಪ್ಯಾರಾದಲ್ಲಿ ಐದು ವಾಕ್ಯ, ಕೊನೆಯಲ್ಲಿ ಲೇಖಕರ ಹೆಸರು, ವರ್ಷ ಇರುವ ಒಂದೇ ಆವರಣ ಅಂತಿಟ್ಟುಕೊಳ್ಳಿ. ಆ ಆವರಣ ಐದಕ್ಕೂ ಸೇರಿದ್ದಾ, ಕೊನೆಯದಕ್ಕೆ ಮಾತ್ರವಾ? ಓದುವವರಿಗೆ ಹೇಗೆ ಗೊತ್ತಾಗಬೇಕು? ಇದನ್ನು ಬಿಡಿಸಲು ಕರಡಿಗೆ ಬಣ್ಣ ಹಚ್ಚುತ್ತಿದ್ದೇನೆ: ಆಕರದಿಂದ ಬಂದದ್ದು ಹಳದಿ, ನನ್ನ ಯೋಚನೆ ಹಸಿರು. ಎರಡು ಹಳದಿ ವಾಕ್ಯಗಳ ನಡುವೆ ಒಂದು ಹಸಿರು ಸಿಕ್ಕಿಹಾಕಿಕೊಂಡಿದ್ದರೆ ಅದು ಅಪಾಯದ ಜಾಗ. ನನ್ನ ಊಹೆಗೆ ಅವರ ಸಂಶೋಧನೆಯ ತೂಕ ಪುಕ್ಕಟೆ ಸಿಕ್ಕಿಬಿಡುತ್ತದೆ. ಅಂಥ ಕಡೆ ಲೇಖಕರ ಹೆಸರನ್ನು ಕೊನೆಯಿಂದ ತೆಗೆದು ವಾಕ್ಯದ ಮೊದಲಿಗೆ ತರುತ್ತೇನೆ. ಮುಂದಿನ ವಾಕ್ಯಕ್ಕೆ ‘ಅದೇ ಅಧ್ಯಯನದಲ್ಲಿ’ ಅಂತ ಕೊಂಡಿ ಹಾಕುತ್ತೇನೆ. ನನ್ನ ಸರದಿ ಬಂದಾಗ ‘ಇದರಿಂದ ನನಗೆ ತೋಚುವುದು’ ಅಂತ ಬಾಯಿಬಿಟ್ಟು ಹೇಳುತ್ತೇನೆ. ಸ್ವಲ್ಪ ಒರಟಾಗಿ ಕೇಳಿಸುತ್ತದೆ, ಆದರೆ ಗೊಂದಲ ಇಲ್ಲ.

ಒಂದೇ ವಾಕ್ಯದ ಮೊದಲರ್ಧ ಅವರದು, ಉಳಿದರ್ಧ ನನ್ನದು ಆಗಿದ್ದರೆ ಆವರಣವನ್ನು ವಾಕ್ಯದ ನಡುವೆಯೇ ಇಡಬಹುದು. ಇದು ಮೊದಲೇ ಗೊತ್ತಿದ್ದರೆ ಎಷ್ಟೋ ವಾಕ್ಯಗಳನ್ನು ಸುಮ್ನೆ ಒಡೆಯಬೇಕಿರಲಿಲ್ಲ.

ಕ್ರಿಯಾಪದಗಳನ್ನೂ ಜೊತೆಗೇ ತಿದ್ದುತ್ತಿದ್ದೇನೆ. ಮೂಲದಲ್ಲಿ ‘ಇರಬಹುದು’ ಅಂದಿದ್ದನ್ನು ನಾನು ‘ತೋರಿಸಿದ್ದಾರೆ’ ಅಂತ ಬರೆದರೆ ಆವರಣ ಎಷ್ಟೇ ಸರಿಯಿದ್ದರೂ ಪ್ರಯೋಜನವಿಲ್ಲ, ಅಲ್ವಾ? ಸೈಟೇಶನ್ ಇರುವ ಕಡೆಯೇ ಇಂಥದ್ದು ಚೆನ್ನಾಗಿ ಅಡಗಿಕೊಳ್ಳುತ್ತದೆ, ಯಾಕೆಂದರೆ ಆವರಣ ಕಂಡರೆ ಯಾರೂ ಅನುಮಾನ ಪಡುವುದಿಲ್ಲ.

ಇನ್ನು ಬೇರೆಯವರ ಲೇಖನದಲ್ಲಿ ಓದಿದ ಮೂರನೆಯವರ ಮಾತು. ಮೂಲ ಸಿಗದಿದ್ದರೆ ‘ಇಂಥವರಲ್ಲಿ ಉಲ್ಲೇಖಿತ’ ಅಂತ ಬರೆಯಲು ಎಪಿಎ ಬಿಡುತ್ತದೆ, ಪಟ್ಟಿಗೆ ನಾವು ಓದಿದ್ದು ಮಾತ್ರ ಸೇರಬೇಕು. ಆದಷ್ಟು ಮೂಲವನ್ನೇ ಹುಡುಕುತ್ತಿದ್ದೇನೆ. ಹಾಗೆ ಹುಡುಕಿದ ಒಂದರಲ್ಲಿ ಮೂಲದ ಹೇಳಿಕೆ ಬಹಳ ಚಿಕ್ಕದಾಗಿತ್ತು, ಒಂದು ವಯಸ್ಸಿನ ಗುಂಪಿಗೆ ಮಾತ್ರ ಅನ್ವಯಿಸುವಂಥದ್ದು. ಮಧ್ಯದ ಲೇಖನಕ್ಕೆ ಬರುವಷ್ಟರಲ್ಲಿ ಆ ಮಿತಿ ಉದುರಿಹೋಗಿತ್ತು. ನನ್ನ ವಾಕ್ಯವನ್ನು ಅಷ್ಟಕ್ಕೇ ಕುಗ್ಗಿಸಿದೆ. ವಾದ ಸ್ವಲ್ಪ ಸೊರಗಿತು, ಪರವಾಗಿಲ್ಲ.

ಬಾಕಿ ಇರುವುದು: ನೇರ ಉದ್ಧರಣೆಗಳಿಗೆ ಪುಟಸಂಖ್ಯೆ ಸೇರಿಸಬೇಕು, 40 ಪದ ಮತ್ತು ಅದಕ್ಕಿಂತ ಉದ್ದದವನ್ನು ಉದ್ಧರಣ ಚಿಹ್ನೆ ತೆಗೆದು ಬೇರೆ ಪ್ಯಾರಾ ಮಾಡಿ ಒಳಕ್ಕೆ ಸರಿಸಬೇಕು. ಆಮೇಲೆ ಪಠ್ಯದಲ್ಲಿರುವ ಪ್ರತಿ ಹೆಸರೂ ಪಟ್ಟಿಯಲ್ಲಿದೆಯಾ, ಪಟ್ಟಿಯ ಪ್ರತಿ ಹೆಸರೂ ಪಠ್ಯದಲ್ಲಿದೆಯಾ ಅಂತ ಎರಡೂ ಕಡೆಯಿಂದ ತಾಳೆ ನೋಡಬೇಕು. ಮೂರನೇ ಅಧ್ಯಾಯಕ್ಕೆ ಇನ್ನೂ ಬಣ್ಣ ಹಚ್ಚಿಲ್ಲ.