ಪೆನ್ನಿನ ಗೆರೆ ದಾಟಿದ ಕಲೆ

ಮಾರ್ಚ್ 14, 2025, ಶುಕ್ರವಾರ

ಎಡ ಮುಂಗೈ ಮೇಲಿನ ಕಲೆಗೆ ಇವತ್ತಿಗೆ ಆರು ವಾರ. ಶುರುವಲ್ಲಿ ಅಂಗಿ ಗುಂಡಿಯಷ್ಟಿತ್ತು. ಕೆಂಪಗೆ, ಅಂಚಲ್ಲಿ ಸ್ವಲ್ಪ ಉಬ್ಬಿ, ಸಂಜೆಯಾದರೆ ತುರಿಕೆ. "ಇಷ್ಟಕ್ಕೆಲ್ಲ ಡಾಕ್ಟರ್ ಯಾಕೆ ಬೇಕೇ?" ಅಂದಳು ಅಮ್ಮ. ನನಗೂ ಅದೇ ಬೇಕಾಗಿತ್ತು.

ಮೊದಲು ಲೋಳೆಸರ. ಎಲೆ ಕೊಯ್ದು ಲೋಟದಲ್ಲಿ ನೆಟ್ಟಗೆ ನಿಲ್ಲಿಸಿದರೆ ಸಿಪ್ಪೆಯಡಿಯ ಹಳದಿ ರಸ ಬಸಿದು ಹೋಗುತ್ತೆ. ಅದು ಚರ್ಮಕ್ಕೆ ತಾಗಿದರೆ ಉರಿ. ಒಳಗಿನ ಲೋಳೆ ಮಾತ್ರ ತಂಪು. ಹತ್ತು ದಿನ ಹಚ್ಚಿದೆ. ಹಚ್ಚಿದ ಅರ್ಧ ಗಂಟೆ ತುರಿಕೆ ಇರುತ್ತಿರಲಿಲ್ಲ, ಅಷ್ಟೇ.

ಆಮೇಲೆ ಬೇವು, ಅರಿಶಿನ. ಅಮ್ಮನೇ ಅರೆದು, ಅವಳ ಬೆರಳಲ್ಲೇ ಹಚ್ಚೋಳು. ಕಡಿಮೆಯಾಗ್ತಿದೆಯಾ ಅಂತ ಗೊತ್ತಾಗಲಿ ಎಂದು ಕಲೆಯ ಸುತ್ತ ಬಾಲ್‌ಪೆನ್ನಲ್ಲಿ ಗೆರೆ ಎಳೆದಿದ್ದೆ. ಮಾಸಿದಾಗ ಅದರ ಮೇಲೇ ತಿದ್ದುತ್ತಿದ್ದೆ. ಎರಡನೇ ವಾರಕ್ಕೆ ಕೆಂಪು ಕಾಣಲೇ ಇಲ್ಲ! ಅಮ್ಮ ಗೆದ್ದ ಮುಖ ಮಾಡಿದಳು. ಹಚ್ಚೋದು ನಿಲ್ಲಿಸಿದ ಮೇಲೆ ಅರಿಶಿನದ ಬಣ್ಣ ಇಳಿಯುತ್ತಾ ಬಂತು, ಒಳಗಿಂದ ಕೆಂಪು ಎದ್ದು ಬಂತು. ಗೆರೆಯಿಂದ ಒಂದು ಬೆರಳು ಆಚೆ. ನಡುವೆ ಮಾತ್ರ ಚರ್ಮ ತಿಳಿಯಾಗಿ, ಅಂಚು ಬಳೆಯ ಹಾಗೆ ನಿಂತಿತ್ತು. ನಾವು ವಾಸಿ ಮಾಡಿರಲಿಲ್ಲ, ಬಣ್ಣ ಬಳಿದಿದ್ದೆವು.

ಸಿಟ್ಟಿಗೆ ಬೆಳ್ಳುಳ್ಳಿ ಜಜ್ಜಿ ಬಟ್ಟೆ ಕಟ್ಟಿದೆ. ದಡ್ಡತನ ಅಂದ್ರೆ ಇದು. ಉರಿದರೆ ಕೆಲಸ ಮಾಡ್ತಿದೆ ಅಂತ ಹಲ್ಲು ಕಚ್ಚಿಕೊಂಡು ಒಂದು ಗಂಟೆ ಕೂತೆ. ಬಿಚ್ಚಿದಾಗ ನೀರುಗುಳ್ಳೆ. ಹಸಿ ಬೆಳ್ಳುಳ್ಳಿ ಚರ್ಮವನ್ನೇ ಸುಡುತ್ತೆ. ನಿಂಬೆರಸವನ್ನ ಸದ್ಯ ಮುಟ್ಟಲಿಲ್ಲ. ಅದನ್ನ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಬೊಬ್ಬೆ ಎದ್ದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತೆ.

ಇವತ್ತು ಡಾಕ್ಟರ್ ಹತ್ರ ಹೋದೆ. "ಏನೇನು ಹಚ್ಚಿದ್ರಿ, ಎಲ್ಲಾ ಹೇಳಿ" ಅಂದರು. ಹೇಳಿದೆ. ಬೈಯ್ಯಲಿಲ್ಲ, ಬೈದಿದ್ದರೇ ವಾಸಿಯಿತ್ತು. ಗುಳ್ಳೆಯಿಲ್ಲದ ಕಡೆ ಅಂಚನ್ನ ಮೊಂಡು ಬ್ಲೇಡಲ್ಲಿ ಕೆರೆದು, ಬಿದ್ದ ಹೊಟ್ಟನ್ನ ಗಾಜಿನ ಪಟ್ಟಿ ಮೇಲೆ ತೆಗೆದುಕೊಂಡು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ತೊಟ್ಟು ಹಾಕಿದರು. ಚರ್ಮದ ಕೋಶ ಕರಗುತ್ತೆ, ಶಿಲೀಂಧ್ರದ ಎಳೆ ಉಳಿಯುತ್ತೆ. ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ತೆಳು ದಾರ ಚೆಲ್ಲಿದ ಹಾಗೆ, ಕವಲು ಕವಲು. ಹುಳುಕಡ್ಡಿ. ಹೆಸರಲ್ಲಷ್ಟೇ ಹುಳು, ಇರೋದು ಬೂಷ್ಟಿನ ಜಾತಿ. ಚರ್ಮದ ಮೇಲ್ಪದರದ ಕೆರಾಟಿನ್ ಅನ್ನೋ ಗಟ್ಟಿ ಪ್ರೋಟೀನ್ ತಿಂದು ಬದುಕುತ್ತೆ.

ಶಿಲೀಂಧ್ರ ಕೊಲ್ಲುವ ಟರ್ಬಿನಾಫಿನ್ ಮುಲಾಮು ಬರೆದುಕೊಟ್ಟರು. ಗುಳ್ಳೆ ಮಾಯುವ ತನಕ ಅದರ ಮೇಲೆ ಬೇಡ, ಉಳಿದ ಕಡೆ ಅಂಚಿನಾಚೆಗೂ ಎರಡು ಸೆಂಟಿಮೀಟರ್ ಹಚ್ಚಬೇಕು, ಕಲೆ ಮಾಯವಾಯ್ತು ಅಂತ ನಡುವೆ ಬಿಡಬಾರದು. ಸ್ಟೀರಾಯ್ಡ್ ಬೆರೆತ ಮುಲಾಮು ತಂದು ಹಚ್ಚಿಲ್ಲ ತಾನೇ ಅಂತ ಎರಡು ಸಲ ಕೇಳಿದರು. ಅದು ಕೆಂಪು ಅಡಗಿಸಿ, ಶಿಲೀಂಧ್ರವನ್ನ ಒಳಗೊಳಗೇ ಹರಡಿಸುತ್ತಂತೆ. ನಮ್ಮ ಅರಿಶಿನದ ನೆನಪಾಯಿತು. ಕೊನೆಗೆ, ಟವೆಲ್ ಬೇರೆ ಇಟ್ಟುಕೊಳ್ಳಿ, ಇದು ಅಂಟುತ್ತೆ ಅಂದರು.

ಮನೆಗೆ ಬಂದು ಅಷ್ಟನ್ನೂ ಅಮ್ಮನಿಗೆ ಒಪ್ಪಿಸಿದೆ. ಅವಳು ಸುಮ್ಮನೆ ಕೇಳಿಸಿಕೊಂಡು, ಸ್ವಲ್ಪ ಹೊತ್ತಾದ ಮೇಲೆ ಬಲ ಮಣಿಕಟ್ಟು ಮುಂದೆ ಮಾಡಿದಳು. "ಇದೂ ಅದೇನಾ ನೋಡೆ." ಅಂಗಿ ಗುಂಡಿಯಷ್ಟಿತ್ತು. ಪೆನ್ನು ಹುಡುಕಲಿಲ್ಲ. ನಾಳೆ ಬೆಳಿಗ್ಗೆಗೆ ಅವಳ ಹೆಸರಲ್ಲೂ ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ.