ಅಮ್ಮನ ಕಣ್ಣಿಗೆ ಸೀರಿಯಲ್ ಲೈಟು

ಆಫೀಸು ಬೇರೆ ಕಟ್ಟಡಕ್ಕೆ ಹೋದಾಗ ಗುಜರಿಗೆ ಹಾಕಲು ಎತ್ತಿಟ್ಟಿದ್ದ ಸಿಸ್ಕೋ 2602 ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಡಬ್ಬಿ) ಒಂದನ್ನು ಕೇಳಿ ಮನೆಗೆ ತಂದೆ. ಮಹಡಿ ರೂಮಿಗೆ ವೈಫೈ ಸರಿಯಾಗಿ ಬರುತ್ತಿರಲಿಲ್ಲ. ಕರೆಂಟ್ ಕೊಟ್ಟಿದ್ದೇ ತಡ, ಹಸಿರು, ಕೆಂಪು, ಹಳದಿ ಅಂತ ದೀಪ ಬಣ್ಣ ಬದಲಿಸತೊಡಗಿತು. ಫೋನಲ್ಲಿ ಮಾತ್ರ ಏನೂ ಕಾಣಲಿಲ್ಲ.

"ಇದೇನೋ, ದೀಪಾವಳಿ ಸೀರಿಯಲ್ ಲೈಟ್ ಥರ?" ಅಂದರು ಅಮ್ಮ.

ಅದು ಕೆಟ್ಟಿರಲಿಲ್ಲ, ಕಂಟ್ರೋಲರ್ ಹುಡುಕುತ್ತಿತ್ತು, ಅಂದರೆ ಆಫೀಸಲ್ಲಿ ಇಂಥ ಡಬ್ಬಿಗಳನ್ನೆಲ್ಲ ಆಳುವ ಯಂತ್ರವನ್ನು. ವೈಫೈ ಹೆಸರೇನು, ಚಾನೆಲ್ ಯಾವುದು, ಎಲ್ಲವನ್ನೂ ಕಂಟ್ರೋಲರೇ ಹೇಳಬೇಕು. ಅಲ್ಲಿಯವರೆಗೆ ಇದು ಬಾಯಿ ಬಿಡಲ್ಲ. ಒಂಟಿಯಾಗಿ ದುಡಿಸಬೇಕಾದರೆ ಒಳಗಿನ ಸಾಫ್ಟ್‌ವೇರನ್ನೇ ಬದಲಿಸಬೇಕು. ಗುಟ್ಟು ಫೈಲ್ ಹೆಸರಲ್ಲೇ ಇದೆ: ಕೆ9ಡಬ್ಲ್ಯೂ8 ಅಂದರೆ ಕಂಟ್ರೋಲರ್ ಬೇಕು, ಕೆ9ಡಬ್ಲ್ಯೂ7 ಅಂದರೆ ಬೇಡ. ಎರಡನೆಯದನ್ನು ಆಫೀಸಿನ ಖಾತೆಯಿಂದ ಕೇಳಿ ಇಳಿಸಿಕೊಂಡೆ.

ಲ್ಯಾಪ್‌ಟಾಪ್‌ಗೆ 10.0.0.2 ವಿಳಾಸ ಕೊಟ್ಟೆ. ಕೇಳಿದವರಿಗೆ ಫೈಲ್ ಕಳಿಸುವ ಟಿಎಫ್‌ಟಿಪಿ ಸರ್ವರ್ ಅನ್ನೋ ಪ್ರೋಗ್ರಾಮನ್ನು ಅದರಲ್ಲೇ ಶುರು ಮಾಡಿ, ಫೈಲಿಗೆ 'ಎಪಿ3ಜಿ2-ಕೆ9ಡಬ್ಲ್ಯೂ7-ಟಾರ್.ಡಿಫಾಲ್ಟ್' ಅಂತ ಹೆಸರಿಟ್ಟೆ. ಆಕ್ಸೆಸ್ ಪಾಯಿಂಟಿನ ಮೋಡ್ ಬಟನ್ ಒತ್ತಿಕೊಂಡೇ ಕರೆಂಟ್ ಕೊಡಬೇಕು. ಸುಮಾರು 20-30 ಸೆಕೆಂಡು, ದೀಪ ಕೆಂಪಾಗುವವರೆಗೆ ಬೆರಳು ತೆಗೆಯೋ ಹಾಗಿಲ್ಲ. ಆಮೇಲೆ ಅದು ತಾನೇ 10.0.0.1 ವಿಳಾಸ ಹಾಕಿಕೊಂಡು, ಇದೇ ಹೆಸರಿನ ಫೈಲ್ ಯಾರ ಹತ್ತಿರ ಇದೆ ಅಂತ ಇಡೀ ನೆಟ್‌ವರ್ಕಿಗೇ ಕೂಗಿ ಕೇಳುತ್ತದೆ.

ಕೇಳಿತು. ಉತ್ತರ ಬರಲಿಲ್ಲ. ಫೈರ್‌ವಾಲ್ ಆಫ್ ಮಾಡಿದೆ. ಈಗ ಸರ್ವರ್ ಉತ್ತರ ಕೊಟ್ಟಿತು: ಫೈಲ್ ಇಲ್ಲ! ಕಣ್ಣೆದುರೇ ಇದೆಯಲ್ಲ ಮಾರಾಯಾ. ಬಟನ್ ಒತ್ತಿ ಒತ್ತಿ ಹೆಬ್ಬೆರಳು ಕೆಂಪಾಯಿತು. ಕಾಫಿ ಕುಡಿದು ಬಂದು ಲ್ಯಾಪ್‌ಟಾಪಿನ ಕಪ್ಪು ಪರದೆಯಲ್ಲಿ, ಫೈಲ್ ಪಟ್ಟಿ ತೋರಿಸುವ 'ಡಿಐಆರ್' ಆದೇಶ ಕೊಟ್ಟು ನೋಡಿದರೆ, ಹೆಸರಿನ ಬಾಲಕ್ಕೆ ಹಳೇ '.ಟಾರ್' ಹಾಗೇ ನೇತಾಡುತ್ತಿದೆ. ಫೈಲ್ ಹೆಸರಿನ ಬಾಲವನ್ನು ಲ್ಯಾಪ್‌ಟಾಪು ಅಡಗಿಸಿ ತೋರಿಸುತ್ತೆ ಅನ್ನೋದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಎರಡು ಗಂಟೆ ಹೋಯಿತು.

ಬಾಲ ಕತ್ತರಿಸಿದ್ದೇ, ಕನ್ಸೋಲಲ್ಲಿ, ಅಂದರೆ ಆಕ್ಸೆಸ್ ಪಾಯಿಂಟ್ ಏನು ಮಾಡುತ್ತಿದೆ ಅಂತ ತೋರಿಸುವ ಪರದೆಯಲ್ಲಿ, ಒಂದರ ಹಿಂದೊಂದು ಸಾಲು ಓಡತೊಡಗಿತು. ರೀಬೂಟ್ ಆಯಿತು. ಯೂಸರ್‌ನೇಮು 'ಸಿಸ್ಕೋ', ಪಾಸ್‌ವರ್ಡೂ 'ಸಿಸ್ಕೋ'. ಮೊದಲು ಅದನ್ನು ಬದಲಿಸಿದೆ. ಇಷ್ಟಾದರೂ ಫೋನಲ್ಲಿ ಏನೂ ಇಲ್ಲ. ಹೊಸ ಸಾಫ್ಟ್‌ವೇರಲ್ಲಿ ವೈಫೈ ಹರಡುವ ರೇಡಿಯೋ ಎರಡೂ ಮೊದಲಿಗೆ ಆಫ್ ಇರುತ್ತವೆ. ವೈಫೈಗೆ ಹೆಸರು, ಪಾಸ್‌ವರ್ಡ್ ಕೊಟ್ಟು, ಎರಡು ರೇಡಿಯೋಗೂ 'ನೋ ಶಟ್‌ಡೌನ್' (ಆನ್ ಆಗು) ಅಂತ ಹೇಳಿದೆ.

ಅಮ್ಮನ ಫೋನ್ ಕನೆಕ್ಟ್ ಮಾಡಿದೆ. ಹಸಿರಾಗಿದ್ದ ದೀಪ ನೀಲಿಗೆ ತಿರುಗಿ ಅಲ್ಲೇ ನಿಂತಿತು.

"ಅಯ್ಯೋ, ಬಣ್ಣ ಬದಲಾಯಿಸೋದು ನಿಂತೇ ಹೋಯ್ತಲ್ಲೋ," ಅಂದರು ಅಮ್ಮ.