ಮಲೆನಾಡಿಗೊಂದು ಕಡಿಮೆ ಫೀಸಿನ ಕೌನ್ಸೆಲಿಂಗ್ ಕೇಂದ್ರ: ಕ್ಯಾಲಿಫೋರ್ನಿಯಾದಿಂದ ಊರಿನವರಿಗೆ

ಶಿವಮೊಗ್ಗದಲ್ಲೋ ತೀರ್ಥಹಳ್ಳಿಯಲ್ಲೋ ಬಡವರ ಕೈಗೆಟಕುವ ಆಪ್ತಸಮಾಲೋಚನಾ ಕೇಂದ್ರ ಶುರು ಮಾಡಬೇಕು, ಅಮೆರಿಕದಲ್ಲಿ ಹೇಗೆ ನಡೆಸುತ್ತಾರೆ ಹೇಳಿ ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಬಹಳಷ್ಟು ಜನ ಮೊದಲು ಎತ್ತುವುದು ಜಾಗದ ಮಾತು. ಯಾರೋ ಸೈಟು ಕೊಡುತ್ತಾರಂತೆ, ಹೊರನಾಡಿನವರು ಸೇರಿ ಕಟ್ಟಡ ಎತ್ತಿಸಿದರೆ ಆಯಿತು ಎಂಬ ಲೆಕ್ಕ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದೇ ಕೆಲಸದಲ್ಲಿರುವ ಮಲೆನಾಡಿನವರಾಗಿ ನಾವು ಹೇಳುವುದಿಷ್ಟೇ: ಕಟ್ಟಡ ಬೇಡ, ಬಾಡಿಗೆಯ ಎರಡು ಕೋಣೆ ಸಾಕು. ಹಣ ಸಂಬಳಕ್ಕೆ ಹೋಗಲಿ, ಅದರಲ್ಲೂ ಮೇಲುಸ್ತುವಾರಿ ನೋಡುವವರ ಸಂಬಳಕ್ಕೆ.

ಇಲ್ಲಿ ಫೀಸು ಕಡಿಮೆ ಇರುವುದು ಬರೀ ದಾನದಿಂದಲ್ಲ. ಕ್ಯಾಲಿಫೋರ್ನಿಯಾದಲ್ಲಿ ವಿವಾಹ ಮತ್ತು ಕುಟುಂಬ ಚಿಕಿತ್ಸಕರಾಗಲು ಸ್ನಾತಕೋತ್ತರ ಪದವಿಯೊಂದೇ ಸಾಲದು, 3,000 ಗಂಟೆ ಮೇಲುಸ್ತುವಾರಿಯಲ್ಲಿ ಕೆಲಸ ಮಾಡಿದ ಮೇಲೇ ಲೈಸೆನ್ಸು. ಆ ಗಂಟೆಗಳನ್ನು ತುಂಬಿಸಿಕೊಳ್ಳುವ ಹೊಸಬರೇ ಇಂಥ ಕೇಂದ್ರಗಳ ಬೆನ್ನೆಲುಬು. ಅವರ ಜೊತೆ ಹಿರಿಯರೊಬ್ಬರು ವಾರಕ್ಕೆ ಕನಿಷ್ಠ ಒಂದು ಗಂಟೆ ಒಬ್ಬೊಬ್ಬರಾಗಿ, ಇಲ್ಲವೇ ಎರಡು ಗಂಟೆ ಗುಂಪಿನಲ್ಲಿ ಕೂತು ಪ್ರತಿ ಕೇಸನ್ನೂ ನೋಡುತ್ತಾರೆ. ಹಣ ಸಾಲದಾದಾಗ ಎಲ್ಲರ ಕತ್ತರಿಯೂ ಮೊದಲು ಬೀಳುವುದು ಈ ಗಂಟೆಯ ಮೇಲೆ. ಆಮೇಲೆ ಏನಾಗುತ್ತದೆ ಎಂಬುದು ನಮಗೆ ಚೆನ್ನಾಗಿ ಗೊತ್ತು: ಹೊಸಬರು ಬುದ್ಧಿ ಹೇಳಲು ತೊಡಗುತ್ತಾರೆ, ಗುರಿಯೇ ಇಲ್ಲದೆ ಒಬ್ಬರನ್ನೇ ತಿಂಗಳುಗಟ್ಟಲೆ ಮಾತಾಡಿಸುತ್ತಾರೆ, ಹೆದರಿಕೆ ಹುಟ್ಟಿಸುವ ಕೇಸನ್ನು ಯಾರಿಗೂ ಹೇಳದೆ ತಲೆ ಮೇಲೆ ಹೊತ್ತುಕೊಂಡು ಓಡಾಡಿ, ಕೊನೆಗೆ ಕೆಲಸವನ್ನೇ ಬಿಡುತ್ತಾರೆ. ಭಾರತದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಕೌನ್ಸೆಲರ್ ಎಂದು ಬೋರ್ಡು ತೂಗುಹಾಕುವುದಕ್ಕೆ ರೂಢಿಯಲ್ಲಿ ಅಂಥ ಬಿಗಿಯಿಲ್ಲ. ಹಾಗಾಗಿ ವಾರವಾರದ ಮೇಲುಸ್ತುವಾರಿಯ ಕಟ್ಟುಪಾಡನ್ನು ಕೇಂದ್ರವೇ ತನಗೆ ಹಾಕಿಕೊಳ್ಳಬೇಕು.

ಖರ್ಚಿನ ಲೆಕ್ಕವನ್ನು ಒಂದು ಮಾದರಿಯಾಗಿ ಹೀಗಿಟ್ಟುಕೊಳ್ಳಿ. ತಿಂಗಳಿಗೆ ಬಾಡಿಗೆ 12,000, ರಿಸೆಪ್ಷನಿಸ್ಟ್ 14,000, ಇಬ್ಬರು ಕೌನ್ಸೆಲರ್‌ಗಳಿಗೆ ತಲಾ 28,000, ಮೇಲುಸ್ತುವಾರಿಗೆ 16,000, ಕರೆಂಟು, ಫೋನು, ಆಡಿಟ್ ಎಲ್ಲ ಸೇರಿ 7,000. ಒಟ್ಟು 1,05,000 ರೂಪಾಯಿ. ಒಬ್ಬ ಕೌನ್ಸೆಲರ್‌ಗೆ ವಾರಕ್ಕೆ 20 ಸೆಷನ್‌ಗಿಂತ ಹೆಚ್ಚು ಕೊಡಬೇಡಿ. 50 ನಿಮಿಷ ಕೇಳಿ ಮುಗಿದ ಮೇಲೆ ಬರೆದಿಡುವುದಕ್ಕೂ ಉಸಿರು ಬಿಡುವುದಕ್ಕೂ ಹೊತ್ತು ಬೇಕು. ಇಬ್ಬರಿಂದ 40. ಅದರಲ್ಲಿ ಆರಕ್ಕೊಂದು ತಪ್ಪಿಯೇ ತಪ್ಪುತ್ತದೆ ಎಂದುಕೊಂಡರೆ ಉಳಿಯುವುದು 33, ತಿಂಗಳಿಗೆ 132. ಅಂದರೆ ಒಂದು ಸೆಷನ್ನಿಗೆ ಸುಮಾರು 800 ರೂಪಾಯಿ ಬೀಳುತ್ತದೆ. ಬರುವವರಿಂದ ಸರಾಸರಿ 250 ಸಿಕ್ಕರೆ ತಿಂಗಳಿಗೆ 72,000 ಕೊರತೆ. ಈ ಅಂಕಿ ಗೊತ್ತಿಲ್ಲದೆ ಬಾಗಿಲು ತೆರೆದವರು ಆರು ತಿಂಗಳಲ್ಲಿ ಫೀಸು ಏರಿಸುತ್ತಾರೆ, ಬಡವರು ಬರುವುದನ್ನು ನಿಲ್ಲಿಸುತ್ತಾರೆ.

ಪೂರ್ತಿ ಉಚಿತ ಮಾಡಿ ಎಂದು ಹೇಳುವವರಿದ್ದಾರೆ. ನಮ್ಮ ಅಭಿಪ್ರಾಯ ಬೇರೆ: ಬಿಪಿಎಲ್ ಕಾರ್ಡಿನವರಿಗೆ 50 ರೂಪಾಯಿ ಇಟ್ಟರೂ ಸರಿ, ಏನಾದರೂ ಇರಲಿ, ಅದೂ ಇಲ್ಲದವರಿಗೆ ಮಾತ್ರ ಸೊನ್ನೆ. ಕೊಟ್ಟವರು ಮುಂದಿನ ಸಲ ಹಕ್ಕಿನಿಂದ ಬರುತ್ತಾರೆ. ಪುಕ್ಕಟೆ ಪಡೆದವರು ದಾಕ್ಷಿಣ್ಯಕ್ಕೆ ಸಿಕ್ಕಿ, ‘ಗುಣ ಕಾಣ್ತಿಲ್ಲ’ ಎನ್ನಲೂ ಹಿಂಜರಿಯುತ್ತಾರೆ. ಇಲ್ಲಿ ಫೀಸು ನಿಗದಿಯಾಗುವುದು ಸಂಬಳದ ಚೀಟಿ ನೋಡಿ. ಆ ಪದ್ಧತಿಯನ್ನು ಹಾಗೇ ಮಲೆನಾಡಿಗೆ ತಂದರೆ ಕೆಡುತ್ತದೆ. ಮೂರೆಕರೆ ಅಡಿಕೆ ತೋಟದವರು ಪಹಣಿಯಲ್ಲಿ ಅನುಕೂಲಸ್ಥರು, ಆದರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಆಷಾಢದಲ್ಲಿ ಅವರ ಕೈಯಲ್ಲಿ ಕಾಸಿರುವುದಿಲ್ಲ. ಎಲೆಚುಕ್ಕೆ ರೋಗ ಬಂದ ತೋಟವಾದರೆ ಕೇಳುವುದೇ ಬೇಡ. ಕಾಗದ ಪತ್ರ ಕೇಳದೆ, ‘ಈ ತಿಂಗಳು ಸಲಕ್ಕೆ ಎಷ್ಟು ಕೊಡೋಕಾಗುತ್ತೆ?’ ಎಂದು ರಿಸೆಪ್ಷನ್‌ನಲ್ಲಿ ಕೇಳಿ, ಮೂರು ತಿಂಗಳಿಗೊಮ್ಮೆ ಮತ್ತೆ ಕೇಳಿ. ‘ಅಡಿಕೆ ಮಾರಿದ ಮೇಲೆ ಕೊಡಿ’ ಎಂದು ಸಾಲ ಬರೆದಿಡಬೇಡಿ. ಬಾಕಿ ಇರುವವರು ಮುಖ ತಪ್ಪಿಸುತ್ತಾರೆ, ಅಲ್ಲಿಗೆ ಚಿಕಿತ್ಸೆ ನಿಂತಂತೆಯೇ.

ಗುಟ್ಟಿನ ವಿಷಯಕ್ಕೆ ಊರಿನಲ್ಲಿ ಪಡಬೇಕಾದ ಪಾಡು ಇಲ್ಲಿಗಿಂತ ಹೆಚ್ಚು. ಇಲ್ಲಿ ಬಾಗಿಲ ಹೊರಗೆ ಬುಸ್ಸೆನ್ನುವ ಸಣ್ಣ ಯಂತ್ರವೊಂದನ್ನು ಇಟ್ಟರೆ ಒಳಗಿನ ಮಾತು ಹೊರಗೆ ಕೇಳುವುದಿಲ್ಲ. ಹಳೆಯ ಹಂಚಿನ ಮನೆಯನ್ನು ಬಾಡಿಗೆಗೆ ಹಿಡಿದರೆ ಮೊದಲು ತಲೆಯೆತ್ತಿ ನೋಡಿ: ಕೋಣೆಗಳ ನಡುವಿನ ಗೋಡೆ ಹಂಚಿನವರೆಗೆ ಹೋಗಿರುವುದಿಲ್ಲ, ಒಂದು ಕೋಣೆಯ ಪಿಸುಮಾತು ಮೇಲಿಂದ ಹಾದು ಪಕ್ಕದ ಕೋಣೆಗೆ ಇಳಿಯುತ್ತದೆ. ಮುಚ್ಚಿಗೆ ಇರುವ ಕೋಣೆ ಹುಡುಕಿ, ಇಲ್ಲವೇ ಪ್ಲೈವುಡ್ಡಿನಿಂದ ಆ ಸಂದು ಮುಚ್ಚಿಸಿ. ತಗಡಿನ ಮಾಡು ಮಾತ್ರ ಬೇಡವೇ ಬೇಡ. ಜುಲೈ ಮಳೆ ಬಡಿಯುವಾಗ ಎದುರಿಗೆ ಕೂತವರ ಮಾತೇ ಕೇಳುವುದಿಲ್ಲ, ಅಳುತ್ತಿರುವವರಿಗೆ ‘ಸ್ವಲ್ಪ ಜೋರಾಗಿ ಹೇಳಿ’ ಎನ್ನಬೇಕಾಗುತ್ತದೆ. ಜಾಗ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಎದುರಾಗಿರಬಾರದು. ಲ್ಯಾಬು, ದಂತವೈದ್ಯರು, ಜೆರಾಕ್ಸ್ ಅಂಗಡಿ ಎಲ್ಲ ಇರುವ ಕಟ್ಟಡದ ಮಹಡಿ ಒಳ್ಳೆಯದು, ಮೆಟ್ಟಿಲು ಹತ್ತಿದವರು ಎಲ್ಲಿಗೆ ಹೋದರೆಂದು ಯಾರಿಗೂ ತಿಳಿಯದು. ಹೆಸರು ಕೂಗಬೇಡಿ, ಟೋಕನ್ ಕೊಡಿ.

ರಿಸೆಪ್ಷನಿಸ್ಟ್‌ಗೆ ತರಬೇತಿ ಕೌನ್ಸೆಲರ್‌ನಷ್ಟೇ ಮುಖ್ಯ. ‘ನಮ್ಮ ಹುಡುಗ ಅಲ್ಲಿಗೆ ಬಂದಿದ್ನಾ ಮಾರಾಯ್ರೆ?’ ಎಂದು ನೆಂಟರ ಫೋನು ಬಂದೇ ಬರುತ್ತದೆ. ‘ಯಾರು ಬಂದಿದ್ದಾರೆ, ಬಂದಿಲ್ಲ ಅಂತ ನಾವು ಯಾರಿಗೂ ಹೇಳೋದಿಲ್ಲ, ಬೇಜಾರು ಮಾಡ್ಕೋಬೇಡಿ’ ಎಂಬ ಒಂದೇ ಉತ್ತರ ಬಾಯಿಪಾಠ ಆಗಿರಬೇಕು. ‘ಇಲ್ಲ, ಬಂದಿಲ್ಲ’ ಎಂದು ಒಮ್ಮೆ ಹೇಳಿದರೂ ಮುಂದೆ ಸುಮ್ಮನಿದ್ದದ್ದೇ ‘ಹೌದು’ ಎಂದಾಗಿಬಿಡುತ್ತದೆ. ಇದು ಬರೀ ಸಭ್ಯತೆಯ ಮಾತಲ್ಲ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕು ಎನ್ನುತ್ತದೆ. ಇನ್ನು ಬಂದವರು ಕೌನ್ಸೆಲರ್‌ಗೆ ದೂರದ ಸಂಬಂಧಿಯಾಗಿರುವುದು ನಮ್ಮ ಕಡೆ ತೀರಾ ಸಾಮಾನ್ಯ. ಆಗ ಕೇಸನ್ನು ಇನ್ನೊಬ್ಬರಿಗೆ ದಾಟಿಸಬೇಕು. ಇಬ್ಬರಿಗಿಂತ ಕಡಿಮೆ ಕೌನ್ಸೆಲರ್ ಇಟ್ಟುಕೊಂಡು ಶುರು ಮಾಡಬೇಡಿ ಎನ್ನುವುದು ಇದಕ್ಕೇ.

ಮೊದಲ ಭೇಟಿಗೆ ಒಂದೂವರೆ ಗಂಟೆ ಇಡಿ. ಜನ ಬರುವುದು ‘ತಲೆಬಿಸಿ’, ‘ನಿದ್ದೆ ಇಲ್ಲ’, ‘ಗ್ಯಾಸ್ಟ್ರಿಕ್’ ಎಂದುಕೊಂಡು, ಆದ್ದರಿಂದ ನಿದ್ದೆ, ಊಟ, ಕೆಲಸದಿಂದಲೇ ಮಾತು ಶುರುವಾಗಲಿ. ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ಕೈಗೆ ಕೊಟ್ಟು ಕೂರಿಸದೆ ಓದಿ ಹೇಳಿ. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3 ಅಂಕ, ಒಟ್ಟು 27. ಹತ್ತು ಮುಟ್ಟಿದರೆ ಖಿನ್ನತೆಯ ಬಗ್ಗೆ ಸರಿಯಾಗಿ ವಿಚಾರಿಸಬೇಕು. ಒಟ್ಟು ಎಷ್ಟೇ ಇರಲಿ, ಒಂಬತ್ತನೆಯದಕ್ಕೆ ಸೊನ್ನೆ ಬಿಟ್ಟು ಬೇರೇನು ಬಂದರೂ ಅಲ್ಲಿ ನಿಲ್ಲಿ, ಅದು ಸಾಯುವ ಯೋಚನೆಯ ಪ್ರಶ್ನೆ. ನೇರವಾಗಿಯೇ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅವರ ಒಪ್ಪಿಗೆ ಪಡೆದು ಮನೆಯವರೊಬ್ಬರನ್ನು ಕರೆಸಿ, ತೋಟಕ್ಕೆ ಹೊಡೆಯುವ ಔಷಧವನ್ನೆಲ್ಲ ಮನೆಯಿಂದ ಸಾಗಿಸಿ ಬೇರೆಯವರ ಬೀಗದಲ್ಲಿ ಇಡಿಸಿ, ಅಂದೇ ಮೇಲುಸ್ತುವಾರಿಯವರಿಗೆ ತಿಳಿಸಿ, ಶಿವಮೊಗ್ಗದಲ್ಲಾದರೆ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಜೊತೆ ಮಾಡಿ ಕಳಿಸಿ. ಅಪಾಯ ಕಣ್ಣೆದುರಿಗೇ ಇದ್ದರೆ ಒಪ್ಪಿಗೆಗೆ ಕಾಯಬೇಡಿ, ಒಂಟಿಯಾಗಿಯೂ ಬಿಡಬೇಡಿ. ರಾತ್ರಿಗೆ ಟೆಲಿ-ಮಾನಸ್‌ನ 14416 ಬರೆದುಕೊಡಿ, 2022ರಿಂದ ನಡೆಯುತ್ತಿರುವ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಯಾರದ್ದೇ ಮಾತ್ರೆಯನ್ನು ಕೌನ್ಸೆಲರ್ ನಿಲ್ಲಿಸುವಂತಿಲ್ಲ, ಕಡಿಮೆ ಮಾಡಿಸುವಂತೆಯೂ ಇಲ್ಲ.

ಬರುವುದು ತಪ್ಪಿದರೆ ದಂಡ ಹಾಕುವುದು ಇಲ್ಲಿನ ರೂಢಿ. ಆಗುಂಬೆ ಕಡೆಯಿಂದ ಬರುವವರಿಗೆ ಬಸ್ಸೇ ಬರದಿದ್ದರೆ ದಂಡ ಯಾರಿಗೆ? ಹಳ್ಳಿಯವರ ಹೊತ್ತನ್ನು ಹತ್ತೂವರೆಯಿಂದ ಮೂರರೊಳಗೆ ಕೊಟ್ಟು, ಪೇಟೆಯವರನ್ನು ಸಂಜೆಗೆ ಇಡಿ. ಹಿಂದಿನ ದಿನ ಫೋನ್ ಮಾಡಿ ನೆನಪಿಸಿ, ಆದರೆ ಯಾವ ನಂಬರಿಗೆ, ಬೇರೆಯವರು ಎತ್ತಿದರೆ ಏನೆನ್ನಬೇಕು ಎಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಮಳೆಗಾಲದಲ್ಲಿ ಫೋನಿನಲ್ಲೇ ಸೆಷನ್ ಎಂದರೆ ಸಿಗ್ನಲ್ಲಿಗಾಗಿ ದಿಬ್ಬ ಹತ್ತಿ ನಿಂತು ಮಾತಾಡುವವರೇ ಜಾಸ್ತಿ, ಅಲ್ಲಿ ಸುತ್ತ ಯಾರಿದ್ದಾರೆ ಎಂದು ಪ್ರತಿ ಸಲವೂ ಕೇಳಬೇಕು. ಕಟ್ ಆದರೆ ಐದು ನಿಮಿಷದೊಳಗೆ ಕೇಂದ್ರದಿಂದಲೇ ಮತ್ತೆ ಕರೆ ಹೋಗಬೇಕು. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಜನ ಕಡಿಮೆಯಾಗುತ್ತಾರೆ, ಗಾಬರಿ ಬೇಡ, ಸಿಬ್ಬಂದಿಯ ರಜೆ ಆಗ ಇಟ್ಟುಕೊಳ್ಳಿ.

ಕೊನೆಗೆ ಹೊರನಾಡಿನ ದುಡ್ಡಿನ ಮಾತು. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅಮೆರಿಕದ ಪೌರರಾಗಿ ಸಾಗರೋತ್ತರ ಭಾರತೀಯರ (ಒಸಿಐ) ಕಾರ್ಡ್ ಇಟ್ಟುಕೊಂಡವರು ಕೊಟ್ಟರೆ ಎನಿಸುತ್ತದೆ, ಅದನ್ನು ಪಡೆಯಲು ಟ್ರಸ್ಟಿಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲವೇ ಪೂರ್ವಾನುಮತಿ ಬೇಕು. ನೋಂದಣಿಗೆ ಸಂಸ್ಥೆ ಮೂರು ವರ್ಷ ಹಳೆಯದಾಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಕೆಲಸಕ್ಕೆ ಖರ್ಚಾಗಿರಬೇಕು, ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ತಮ್ಮನ ಖಾತೆಗೆ ಹಾಕಿ ಅಲ್ಲಿಂದ ಟ್ರಸ್ಟಿಗೆ ದಾಟಿಸುವ ಅಡ್ಡದಾರಿ ಹಿಡಿದರೆ ಇಡೀ ಕೇಂದ್ರವೇ ತೊಂದರೆಗೆ ಸಿಕ್ಕೀತು. ಹಾಗಾಗಿ ಮೊದಲ ಮೂರು ವರ್ಷ ಊರಿನವರು ಮತ್ತು ಭಾರತೀಯ ಪಾಸ್‌ಪೋರ್ಟಿನವರನ್ನೇ ನೆಚ್ಚಿಕೊಳ್ಳಿ. 36 ಜನ ತಿಂಗಳಿಗೆ 2,000 ಕೊಟ್ಟರೆ ಮೇಲಿನ ಕೊರತೆ ತುಂಬುತ್ತದೆ, ಒಂದೇ ಸಲದ ದೊಡ್ಡ ಚೆಕ್ಕಿಗಿಂತ ಇದು ಮೇಲು. ಮೂರು ತಿಂಗಳ ಖರ್ಚು 3,15,000 ಬ್ಯಾಂಕಿನಲ್ಲಿ ಕೂರುವ ತನಕ ಬಾಗಿಲು ತೆರೆಯಬೇಡಿ, ತೆರೆದ ಮೇಲೆ ಅದನ್ನು ಮುಟ್ಟಬೇಡಿ. ಎಂದಾದರೂ ಮುಚ್ಚಲೇಬೇಕಾಗಿ ಬಂದರೆ ಆ ಮೂರು ತಿಂಗಳ ದುಡ್ಡೇ ಆಧಾರ: ಮೊದಲ ದಿನದಿಂದಲೇ ಚಿಕಿತ್ಸೆಗೆ ಹೊಸಬರನ್ನು ತೆಗೆದುಕೊಳ್ಳುವುದು ನಿಲ್ಲಿಸಿ, ಇರುವವರ ಸೆಷನ್‌ಗಳನ್ನು ಮುಗಿಸಿ, ಉಳಿದವರನ್ನು ಒಬ್ಬೊಬ್ಬರಾಗಿ ಕಾಗದ ಬರೆದುಕೊಟ್ಟು ಬೇರೆ ಕಡೆಗೆ ಒಪ್ಪಿಸಿ.